ಲಂಗದಂಚಿನ ಕಲ್ಲುಗಳು

"ಲಂಗ ತೇಲ್ತು! ಹಾಸ್ಕಿನ್ಸಣ್ಣಾ, ಇದೂ ಲೆಕ್ಕಕ್ಕಿಲ್ಲ!" ಎಂದು ಅಬ್ನರ್ ದಡದಿಂದ ಕೂಗಿದಾಗ, ಮಿಸಿಸಿಪ್ಪಿ ಹೊಳೆಯಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಂತು ನಡುಗುತ್ತಿದ್ದ ಅವನ ಹೆಂಡತಿ ಕೆಜಿಯಾಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವರು ಸೇರಿದ್ದ ಮಾರ್ಮನ್ ಎಂಬ ಹೊಸ ಕ್ರೈಸ್ತ ಪಂಥದ ದೀಕ್ಷಾಸ್ನಾನದಲ್ಲಿ ಉಟ್ಟ ಬಟ್ಟೆಯ ನೂಲೂ ನೀರಿನ ಮೇಲೆ ಉಳಿಯಬಾರದು. ಅದಕ್ಕೆಂದೇ ಹೆಂಗಸರು ಲಂಗದಂಚಿಗೆ ಕಲ್ಲು ಸೇರಿಸಿ ಹೊಲಿಯುತ್ತಿದ್ದರು. ಕೆಜಿಯಾ ಬೆಳಿಗ್ಗೆಯೇ ಹೊಲಿಗೆ ಬಿಚ್ಚಿ ಆ ಕಲ್ಲುಗಳನ್ನು ಹಿತ್ತಲಿಗೆ ಎಸೆದು ಬಂದಿದ್ದಳು.

ಈ ಮುಳುಗು ಅವಳಿಗಾಗಿ ಅಲ್ಲ. ಅಬ್ನರನ ಮೊದಲ ಹೆಂಡತಿ ಸೆಲಿನಾ ಈ ಧರ್ಮದ ಹೆಸರೂ ಕೇಳದೆ ಇಂಗ್ಲೆಂಡಿನಲ್ಲೇ ತೀರಿಕೊಂಡಿದ್ದಳು. ಅವಳ ಹೆಸರಿನಲ್ಲಿ ಬದುಕಿರುವ ಹೆಂಗಸೊಬ್ಬಳು ಮುಳುಗಿದರೆ ಸತ್ತವಳಿಗೂ ಸ್ವರ್ಗದ ಬಾಗಿಲು ತೆರೆಯುತ್ತದಂತೆ. "ಸೆಲಿನಾ ಹೀಗೆ ರೊಟ್ಟಿ ಸುಡ್ತಿರ್ಲಿಲ್ಲ" ಎಂಬ ಮಾತು ಹನ್ನೊಂದು ವರ್ಷ ಕೇಳಿದ್ದು ಸಾಲದೆ? ಸ್ವರ್ಗದಲ್ಲೂ ಸವತಿ ಬೇಕೆ?

"ಎರಡು ಸಲ ಆಯ್ತು. ನಾಳೆ ನೋಡೋಣ, ತಂಗಿಗೂ ಸುಸ್ತಾಗಿದೆ," ಎಂದರು, ಅವಳ ತೋಳು ಹಿಡಿದು ಮುಳುಗಿಸುತ್ತಿದ್ದ ಸಭೆಯ ಹಿರಿಯ ಹಾಸ್ಕಿನ್ಸ್.

"ಇಲ್ಲ, ಇವತ್ತೇ ಆಗ್ಬೇಕು," ಎಂದವನೇ ಅಬ್ನರ್ ಬೂಟನ್ನೂ ಬಿಚ್ಚದೆ ಹೊಳೆಗಿಳಿದ. ಬಗ್ಗಿ, ಅವಳ ಲಂಗದಂಚನ್ನು ಎರಡೂ ಕೈಯಿಂದ ನೀರೊಳಗೆ ಅದುಮಿ ಹಿಡಿದ.

ಕೆಜಿಯಾ ಅವನ ನೆತ್ತಿಯನ್ನೇ ನೋಡಿದಳು. ಅವಳದೇ ದೀಕ್ಷೆಯ ದಿನ, ಇಂಗ್ಲೆಂಡಿನ ಪ್ರೆಸ್ಟನ್ ಊರಿನ ಹೊಳೆಯಲ್ಲಿ ಅವಳ ಕಾಲು ಜಾರಿದಾಗಲೂ ಈ ಮನುಷ್ಯ, "ನೀರು ತಣ್ಣಗಿದೆ ಕಣೇ" ಎಂದು ದಡ ಬಿಟ್ಟು ಕದಲಿರಲಿಲ್ಲ.

"ನೀರು ತಣ್ಣಗಿಲ್ವೇನ್ರೀ ಇವತ್ತು?"

ಅಬ್ನರನ ತುಟಿ ನೀಲಿಗಟ್ಟಿತ್ತು. "ಎಲ್ಲೇ ತಣ್ಣಗೆ?" ಎಂದ, ತಲೆಯೆತ್ತದೆ. "ಬೆಚ್ಚಗೇ ಇದೆಯಲ್ಲ."