ಗುಡ್ಡದ ಪಂಪು ಯಾಕೆ ಕೆಡುತ್ತದೆ

ಗಂಟೆ ಬಡಿಯಿತು. ಮೀಟರ್ ಓದುವವಳ ಮಾತು ಅರ್ಧಕ್ಕೇ ನಿಂತಿತು.

"ನಿಮ್ಮ ನಿಮಿಷ ಮುಗೀತು. ಮುಂದಿನವರು," ಎಂದರು ಸಾಹೇಬರು.

ನೀರು ಸರಬರಾಜು ಕಚೇರಿಗೆ ಅವರು ಬಂದ ವಾರವೇ ಸಭೆಯ ಕೋಣೆಯ ಕುರ್ಚಿಗಳು ಉಗ್ರಾಣ ಸೇರಿದ್ದವು. ನಿಂತವನ ಮಾತು ಉದ್ದವಾಗುವುದಿಲ್ಲ ಎಂಬುದು ಅವರ ಲೆಕ್ಕ. ಬೆಳಗಿನ ಸಭೆಯಲ್ಲಿ ತಲೆಗೊಂದು ನಿಮಿಷ. ತೊಂದರೆ ಇದ್ದವನಷ್ಟೇ ಬಾಯಿ ಬಿಡಬೇಕು. ಚಹಾ ಇಲ್ಲ, ಕ್ಷೇಮಸಮಾಚಾರ ಇಲ್ಲ. ಬೆನ್ನ ಹಿಂದೆ ಎಲ್ಲರೂ 'ಒಂದ್ನಿಮಿಷ ಸಾಹೇಬ್ರು' ಎನ್ನುತ್ತಿದ್ದರು. ಹೇಳಿ ನಗಲು ಮಾತ್ರ ಯಾರಿಗೂ ಪುರುಸೊತ್ತಿರಲಿಲ್ಲ.

ರಿಪೇರಿಗೆ ಜೋಡಿಯಾಗಿ ಹೋಗುವುದೂ ನಿಂತಿತ್ತು. 'ಇಬ್ಬರು ಹೋದರೆ ಮಾತು, ಒಬ್ಬ ಹೋದರೆ ಕೆಲಸ' ಎಂದು ಗೋಡೆಗೇ ಬರೆಸಿದ್ದರು. ಮೆಕ್ಯಾನಿಕ್ ಈಗ ಒಬ್ಬನೇ ಹೋಗುತ್ತಿದ್ದ, ಒಬ್ಬನೇ ತಿನ್ನುತ್ತಿದ್ದ, ಸಂಜೆ ಬಾಡಿಗೆ ಕೋಣೆಯ ಬೀಗವನ್ನು ಒಬ್ಬನೇ ತೆಗೆಯುತ್ತಿದ್ದ. ಸಭೆಯಲ್ಲಿ ತುಟಿ ಪಿಟಕ್ಕೆನ್ನದವನು. ಸಮಯದ ಬೆಲೆ ಗೊತ್ತಿರುವ ಹುಡುಗ ಎಂದು ಸಾಹೇಬರು ಎಲ್ಲರೆದುರು ಹೊಗಳಿದ್ದರು.

ಇವತ್ತು ಅವನ ಕಡೆಗೇ ತಿರುಗಿದರು.

"ಗುಡ್ಡದ ಪಂಪು ಮತ್ತೆ ನಿಂತಿದೆ. ಮೇಲಿನ ಬೀದಿಗಳಿಗೆ ನೀರಿಲ್ಲ, ಬೈಗುಳ ನನಗೆ. ಈ ಕಚೇರಿಯ ಸಮಯ ಸೋರ್ತಿರೋದು ಅಲ್ಲೊಂದೇ ಕಡೆ. ಏನಂತೆ ಕಾಯಿಲೆ?"

"ಮೋಟಾರಿನ ಬುಡದ ನಟ್ಟು ಸಾರ್. ಸಡಿಲ ಆಗತ್ತೆ. ಅದುರಿ ಅದುರಿ ನಿಂತೋಗತ್ತೆ."

"ಎಲ್ಲಾ ಪಂಪೂ ಅದುರತ್ತೆ. ಅದೊಂದೇ ಯಾಕೆ? ನಟ್ಟಿಗೇನು ಕಾಲು ಬಂದಿದೆಯಾ? ಅಲ್ಲಿರೋನು ಪಂಪು ನಡೆಸೋ ಆ ಪಂಪಣ್ಣ ಒಬ್ಬನೇ. ಅವನದೇ ಕೈಚಳಕ. ಹೋಗಿ ಪತ್ತೆ ಮಾಡು. ಇನ್ನೊಂದು ಸಲ ನಿಂತರೆ ಅವನನ್ನ ಅಲ್ಲಿಂದ ಎತ್ತಂಗಡಿ ಮಾಡ್ತೀನಿ."

ಮೆಕ್ಯಾನಿಕ್ ಬಾಯಿ ತೆರೆದ. ಗಂಟೆ ಬಡಿಯಿತು.

ಗುಡ್ಡದ ದಾರಿಯುದ್ದಕ್ಕೂ ಬೈಕಿನ ಮೇಲೆ ಸಿಟ್ಟು ತೀರಿಸಿಕೊಂಡ. ಬುಡದ ಗೇಟಿನಲ್ಲಿ ಕಾವಲುಗಾರ ಕೆಲಸದ ಚೀಟಿ ನೋಡಿ, ಮುಖ ನೋಡದೆ ಬಿಟ್ಟ. ಕುಡಿಯುವ ನೀರಿನ ಜಾಗ. ಚೀಟಿ ಇಲ್ಲದೆ ಹೊರಗಿನ ನರಪಿಳ್ಳೆಯೂ ಮೇಲೆ ಹತ್ತುವಂತಿಲ್ಲ.

ಪಂಪುಮನೆಗೆ ಅಂಟಿಕೊಂಡೇ ಎರಡು ಕೋಣೆಯ ವಸತಿ. ಸದ್ದು ಕೇಳಿ ಪಂಪಣ್ಣ ಹೊರಬಂದರು. ನಿವೃತ್ತಿಯ ಅಂಚಿನಲ್ಲಿರುವ ಮನುಷ್ಯ. ಅವರ ನಿಜವಾದ ಹೆಸರು ಅವರಿಗೇ ಮರೆತಂತಿತ್ತು.

"ಬಾರಪ್ಪಾ. ಪಂಪು ಕೆಟ್ಟರೆ ಊರಿಗೆ ಕಷ್ಟ, ನಮಗೆ ಹಬ್ಬ."

ಒಳಗಿನಿಂದ ಅವರ ಹೆಂಡತಿಯ ದನಿ ಬಂತು. "ಬಂದ್ನಾ? ಇನ್ನೂ ಸೊರಗಿದಾನಾ?" ಕಾಲು ಸ್ವಾಧೀನವಿಲ್ಲದ ಆಕೆಯ ಮಂಚ ಕಿಟಕಿಯ ಪಕ್ಕದಲ್ಲಿತ್ತು. "ಮೊದಲು ಊಟ, ಆಮೇಲೆ ನಿನ್ನ ಪಂಪು."

"ಇವತ್ತು ಕೆಲಸ ಮೊದಲು ಅತ್ತಿಗೆ," ಎಂದ ಅವನು. ಪಂಪಣ್ಣ ಅವನ ಮುಖ ನೋಡಿದರು.

ನಟ್ಟು ಬೆರಳಿಗೇ ತಿರುಗುವಷ್ಟು ಸಡಿಲವಾಗಿತ್ತು.

"ನಿಮ್ಮ ಸ್ಪ್ಯಾನರ್ ತೋರಿಸಿ."

ಪಂಪಣ್ಣ ಮೂಲೆಯಿಂದ ತಂದುಕೊಟ್ಟರು. ತುಕ್ಕು ಹಿಡಿದು ಅದರ ಬಾಯಿ ಕಚ್ಚಿಕೊಂಡಿತ್ತು. "ಇದು ಯಾವತ್ತೋ ತೀರ್ಕೊಂಡಿದೆ. ಮಣ್ಣು ಮಾಡೋದೊಂದು ಬಾಕಿ."

ಮೆಕ್ಯಾನಿಕ್ ನಗಲಿಲ್ಲ. "ಇಲ್ಲಿಗೆ ಬೇರೆ ಯಾರು ಬರ್ತಾರೆ?"

"ಯಾರು ಬರ್ತಾರೆ? ಕಾಗೆ ಬರತ್ತೆ. ನೀನು ಬರ್ತೀಯ."

"ಸಾಹೇಬ್ರಿಗೆ ನಿಮ್ಮ ಮೇಲೆ ಅನುಮಾನ. ಇನ್ನೊಂದು ಸಲ ನಿಂತರೆ ನಿಮ್ಮನ್ನ ಕೆಳಗಿನ ವಸತಿಗೆ ಹಾಕ್ತಾರಂತೆ."

ಪಂಪಣ್ಣ ಹೊಸ್ತಿಲ ಮೇಲೆ ಕುಸಿದರು. "ಅದು ಮೂರನೇ ಮಹಡಿ ಅಲ್ವೇನಪ್ಪಾ. ಇವಳನ್ನ ಹ್ಯಾಗೆ ಹತ್ತಿಸ್ಲಿ? ಒಂದ್ಸಲ ಹತ್ತಿಸಿದರೆ ಮತ್ತೆ ಇಳಿಸೋದು ಹೆಣಾನೇ."

ಒಳಗಿನ ಮಂಚದ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ಪಂಪಣ್ಣ ದನಿ ತಗ್ಗಿಸಿದರು. "ಒಂದು ಹೇಳ್ತೀನಿ, ಬಯ್ಯಬೇಡ. ಪಂಪು ನಿಂತಾಗೆಲ್ಲ ನಂಗೆ ಒಳಗೊಳಗೇ ಖುಷಿ. ನೀನು ಬರ್ತೀಯಲ್ಲಾ ಅಂತ. ನೀನು ಆಡಿದ ನಾಲ್ಕು ಮಾತನ್ನೇ ನಾವಿಬ್ರೂ ವಾರವಿಡೀ ತಿರುವಿ ಹಾಕ್ತೀವಿ. ಆದ್ರೆ ನಾನು ಕೈ ಹಚ್ಚಿಲ್ಲ. ನಂಬು."

"ನಂಬ್ತೀನಿ," ಎಂದ ಮೆಕ್ಯಾನಿಕ್, ನೆಲ ನೋಡುತ್ತ.

ಸಾಹೇಬರಿಗೆ ಅಲ್ಲಿಂದಲೇ ಫೋನು ಮಾಡಿದ.

"ಸಿಕ್ಕಿಬಿದ್ನಾ? ಚಿಕ್ಕದಾಗಿ ಹೇಳು."

"ಪಂಪಣ್ಣಂದು ಏನೂ ತಪ್ಪಿಲ್ಲ ಸಾರ್. ಇನ್ಮೇಲೆ ಇದು ನಿಲ್ಲಲ್ಲ."

"ಅಷ್ಟು ಖಾತ್ರಿ ಹ್ಯಾಗೆ?"

"ಬಿಗಿ ಮಾಡೋನು ನಾನೇ ಅಲ್ವಾ ಸಾರ್."

"ಹಾಗಾದ್ರೆ ಗುಡ್ಡದ ಪಂಪನ್ನ ನಿನ್ನ ಕೆಲಸದ ಪಟ್ಟಿಯಿಂದ ತೆಗೆದುಬಿಡ್ತೀನಿ. ಅಷ್ಟು ಸಮಯ ಉಳೀತು."

"ಸರಿ ಸಾರ್."

ನಟ್ಟು ಬಿಗಿದು, ಮೋಟಾರು ಚಾಲೂ ಮಾಡಿ ಊಟಕ್ಕೆ ಕುಳಿತ. ಅತ್ತಿಗೆ ತಮ್ಮ ತವರಿನ ಕಥೆ ತೆಗೆದರು. ಅಪ್ಪನ ಕುದುರೆ, ಅದನ್ನು ಕದ್ದ ಚಿಕ್ಕಪ್ಪ, ಚಿಕ್ಕಪ್ಪನನ್ನು ಒದ್ದ ಕುದುರೆ. ಅವನು ಎರಡು ಸಲ ಬಡಿಸಿಕೊಂಡ. ಕೈ ಒಣಗಿದರೂ ಏಳಲಿಲ್ಲ. ಕಿಟಕಿಯ ಬಿಸಿಲು ಮಂಚದಿಂದ ಇಳಿದು ಗೋಡೆ ಹತ್ತಿತು. ಇಲ್ಲಿ ಯಾರೂ ಗಂಟೆ ಬಡಿಯುವುದಿಲ್ಲ.

"ಮಿಕ್ಕಿದ್ದು ಮುಂದಿನ ಸಲ," ಎಂದರು ಅತ್ತಿಗೆ.

"ಪಂಪು ಕೆಡಬೇಕಲ್ಲ ಅತ್ತಿಗೆ."

"ಕೆಡತ್ತೆ ಬಿಡು. ಅದಕ್ಕೂ ನಿನ್ನ ಕಂಡ್ರೆ ಆಸೆ."

ಅವನು ಕೊನೆಯದಾಗಿ ಒಂದು ಸಲ ನೋಡಿ ಬರುವುದಾಗಿ ಎದ್ದು, ಒಬ್ಬನೇ ಪಂಪುಮನೆಗೆ ಹೋದ. ಒಳಗಿನಿಂದ ಬಾಗಿಲು ಮುಚ್ಚಿಕೊಂಡ. ಮೋಟಾರು ಒಂದೇ ದನಿಯಲ್ಲಿ ಗುನುಗುತ್ತಿತ್ತು. ಚೀಲದಿಂದ ಸ್ಪ್ಯಾನರ್ ತೆಗೆದು ನಟ್ಟಿಗೆ ಕಚ್ಚಿಸಿ, ತುಂಬ ಹೊತ್ತು ಹಾಗೇ ಕೂತ.

ಪ್ರತಿ ಸಲ ಹೊರಡುವ ಮುನ್ನ ಅರ್ಧ ಸುತ್ತು ಸಡಿಲಿಸಿ ಹೋಗುತ್ತಿದ್ದವನು, ಇವತ್ತು ಸಡಿಲಿಸಲಿಲ್ಲ.