ಮದ್ದು ಇಳಿಯುವ ಮುನ್ನ

"ಡಾಕ್ಟ್ರೇ, ಅವಳ ಹೊಟ್ಟೆಗೆ ಹಾಕಿದ್ರಲ್ಲ, ಆ ಮರಗಟ್ಟೋ ಮದ್ದು ಇನ್ನೆಷ್ಟೊತ್ತು ಇರುತ್ತೆ?"

ವಾರ್ಡಿನ ಬಾಗಿಲಿಗೆ ಅಡ್ಡ ನಿಂತು ಕೇಳಿದವನು ಬಸ್ ಡ್ರೈವರ್. ನಿನ್ನೆ ಅವನ ಹೆಂಡತಿ ತನ್ನ ತಮ್ಮನಿಗೆ ಒಂದು ಕಿಡ್ನಿ ಕೊಟ್ಟಿದ್ದಳು. ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ಸಣ್ಣ ತೂತುಗಳಿಂದಲೇ ಬಿಡಿಸಿ, ಕಿಬ್ಬೊಟ್ಟೆಯ ಚಿಕ್ಕ ಗಾಯದಿಂದ ಹೊರತೆಗೆದಿದ್ದರು. ಆ ಗಾಯಗಳು ನೋಯದಂತೆ ಹೊಟ್ಟೆಯ ಎರಡೂ ಪಕ್ಕದ ಸ್ನಾಯುಗಳ ಪದರದೊಳಗೆ ಸಪೂರ ನಳಿಗೆ ಕೂರಿಸಿ, ನರಗಳಿಗೆ ಮದ್ದು ಬಿಟ್ಟವಳು ಅರಿವಳಿಕೆಯ ಈ ಡಾಕ್ಟರಮ್ಮ. ಇವತ್ತು ಬೆಳಗ್ಗೆ ಮೇಲಿನ ಮಹಡಿಯಲ್ಲಿ ತಮ್ಮ ತೀರಿಕೊಂಡಿದ್ದ. ಅಕ್ಕನ ಕಿಡ್ನಿ ಒಗ್ಗಿತ್ತು, ಅವನ ಹೃದಯವೇ ಕೈಕೊಟ್ಟಿತ್ತು. ಅಕ್ಕನಿಗೆ ಇನ್ನೂ ಯಾರೂ ಹೇಳಿರಲಿಲ್ಲ.

"ಇಳಿಯೋ ಹೊತ್ತಾಯ್ತು. ಮತ್ತೆ ಹಾಕೋಕೇ ಬಂದೆ," ಎಂದಳು ಡಾಕ್ಟರಮ್ಮ.

"ಹಾಕಿ, ಚೆನ್ನಾಗೇ ಹಾಕಿ. ಅದು ಹಿಡಿದ ಮೇಲೆ ನಾನೇ ಹೇಳ್ತೀನಿ. ಮರಗಟ್ಟಿರೋವಾಗ್ಲೇ ಹೇಳಿಬಿಟ್ರೆ ಅಷ್ಟು ತಟ್ಟಲ್ಲ, ಅಲ್ವಾ?"

ಡಾಕ್ಟರಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಮದ್ದಿನ ಆಟವೆಲ್ಲ ಹೊಟ್ಟೆಯ ಮೇಲ್ಪದರದಲ್ಲಿ, ದುಃಖದ ಮನೆ ಎಲ್ಲಿದೆಯೆಂದು ಅದಕ್ಕೇನು ಗೊತ್ತು? ಹಾಗೆಂದು ಹೇಳಲು ಬಾಯಿ ತೆರೆದವಳು ಅವನ ಮುಖ ನೋಡಿ, "ಸರಿ, ಹಿಡಿದ ಮೇಲೆ ಸನ್ನೆ ಮಾಡ್ತೀನಿ," ಎಂದಳು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ, ಅದನ್ನು ಕಿತ್ತುಕೊಳ್ಳುವುದು ಯಾವ ಜಾಣತನ? ಅದೂ ಅಲ್ಲದೆ ಅವನ ಪೆದ್ದು ಮಾತಿನಲ್ಲೂ ಅರ್ಧ ನಿಜವಿತ್ತು. ಬಿಕ್ಕಿ ಬಿಕ್ಕಿ ಅತ್ತರೆ ಹೊಟ್ಟೆ ಕುಲುಕುತ್ತದೆ, ಹೊಲಿಗೆ ಜಗ್ಗುತ್ತದೆ. ಕಿಡ್ನಿ ಕೊಟ್ಟ ಗಾಯವೇ ಅಳಲೂ ಬಿಡದಿದ್ದರೆ ಅದಕ್ಕಿಂತ ಅನ್ಯಾಯ ಇನ್ನೊಂದಿಲ್ಲ. ಮನಸಾರೆ ಅಳಲಿ, ಅಷ್ಟಾದರೂ ತನ್ನ ಕೈಲಿದೆ ಎಂದುಕೊಂಡು ಒಳಗೆ ಹೋದಳು.

ಅಕ್ಕ ದಿಂಬಿಗೊರಗಿ ಕೂತಿದ್ದಳು. ಬಾಯಿ ಸುಮ್ಮನಿರುವ ಜೀವವಲ್ಲ ಅದು.

"ಬನ್ನಿ ಡಾಕ್ಟ್ರೇ. ನಿಮ್ಮ ಕೈಗುಣ ದೊಡ್ಡದು ಕಣ್ರೀ. ಅವನಿಗೂ ಇದನ್ನೇ ಹಾಕಿದ್ದೀರಾ? ಸೂಜಿ ಅಂದ್ರೆ ಮಂಚದಡಿ ಸೇರ್ಕೋತಿದ್ದ, ಪುಕ್ಕಲ. ಮೀಸೆ ಬಂದ್ರೂ ಬುದ್ಧಿ ಬಂದಿಲ್ಲ. ಅವನಿಗೆ ಒಂದು ಪಾಲು ಜಾಸ್ತೀನೇ ಹಾಕಿ."

ಡಾಕ್ಟರಮ್ಮ ತಲೆಯೆತ್ತಲಿಲ್ಲ. ಎರಡೂ ಪಕ್ಕದ ನಳಿಗೆಗಳಿಗೆ ನಿಧಾನವಾಗಿ ಮದ್ದು ಬಿಟ್ಟಳು. ಸ್ವಲ್ಪ ಹೊತ್ತು ಕಾದು, ಮದ್ದು ಹಿಡಿಯಿತೇ ಎಂದು ನೋಡಲು ಐಸ್ ತುಂಡನ್ನು ಮೊದಲು ಅವಳ ತೋಳಿಗೆ, ಆಮೇಲೆ ಹೊಟ್ಟೆಗೆ ಮುಟ್ಟಿಸಿದಳು.

"ತಣ್ಣಗಾಗ್ತಿದೆಯಾ ಅಮ್ಮಾ?"

"ತೋಳಿಗೆ ಆಯ್ತು. ಹೊಟ್ಟೆ ಮೇಲೆ ಇಟ್ಟಿದ್ದೇ ಗೊತ್ತಾಗ್ಲಿಲ್ಲ."

ಡಾಕ್ಟರಮ್ಮ ಬಾಗಿಲ ಕಡೆ ನೋಡಿ ತಲೆಯಾಡಿಸಿದಳು. ಇಷ್ಟು ವರ್ಷದ ಕಸುಬಿನಲ್ಲಿ ಇಂಥ ಸನ್ನೆಯನ್ನು ಅವಳು ಸರ್ಜನ್‌ಗಳಿಗಷ್ಟೇ ಮಾಡಿದ್ದಳು, ಕುಯ್ಯಲು ಶುರುಮಾಡಿ ಎಂದು.

ಡ್ರೈವರ್ ಬಂದು ಮಂಚದ ಅಂಚಿಗೆ ಕೂತು ಹೆಂಡತಿಯ ಕೈಹಿಡಿದ. ಬಾಗಿಲಲ್ಲಿ ನಿಂತು ಜೋಡಿಸಿಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ, "ನಿನ್ನ ತಮ್ಮ ಹೋಗ್ಬಿಟ್ಟ ಕಣೇ," ಎಂದಷ್ಟೇ ಹೇಳಿ ತಾನೇ ಅಳತೊಡಗಿದ.

ಅವಳು ಅಳಲಿಲ್ಲ. ಗಂಡನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಹೊದಿಕೆಯೊಳಗೆ ತೂರಿಸಿದಳು. ಕಿಬ್ಬೊಟ್ಟೆಯ ಪಟ್ಟಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದಳು. ಆಮೇಲೆ ಜೋರಾಗಿ ಒತ್ತಿದಳು. ಡಾಕ್ಟರಮ್ಮ ಗಾಬರಿಯಿಂದ ಕೈಹಿಡಿದು ತಡೆಯಬೇಕಾಯಿತು.

"ಒತ್ತಬೇಡಿ ಅಮ್ಮಾ, ಗಾಯ ಹಸಿಯಾಗಿದೆ."

"ಯಾವ ಗಾಯ?" ಎಂದಳು. ಮುಖದಲ್ಲಿ ಎಲ್ಲಿಲ್ಲದ ಆಸೆ. "ಎಷ್ಟು ಒತ್ತಿದ್ರೂ ನೋವೇ ಇಲ್ವಲ್ಲ ಡಾಕ್ಟ್ರೇ. ನೀವು ನನ್ನ ಕಿಡ್ನಿ ತೆಗೆದೇ ಇಲ್ಲ. ಅದಕ್ಕೇ ಅವನು ಹಾಗೆ ಮಲಗ್ಬಿಟ್ಟಿದ್ದಾನೆ. ಏಳಿ, ಬೇಗ ತೆಗೆದು ಅವನಿಗೆ ಹಾಕಿ."