ಮೂರನೇ ಲೈನಿನ ಹಿಂದಿನ ಬಾಗಿಲು

“ಹಿಂದಿನ ಬಾಗಿಲಿಗೆ ಬೀಗ ಹಾಕ್ತಾರಾ ಅಂತ ಕೇಳಿದ್ರೆ ಏನಂತೀರಿ?” ಮ್ಯಾನೇಜರ್ ಗಿರೀಶ ಕುರ್ಚಿಯ ಮೇಲೆ ಹತ್ತಿ ನಿಂತು ಕೇಳಿದ.

“ಇಲ್ಲ ಸರ್!” ಮುನ್ನೂರು ಹೆಂಗಸರು ಶಾಲೆಯ ಮಕ್ಕಳ ಹಾಗೆ ಒಟ್ಟಿಗೆ ಕೂಗಿದರು.

ಆಶಾರಾಣಿಯ ತುಟಿ ಮಾತ್ರ ಆಡಿತು. ಸದ್ದು ಹೊರಡಲಿಲ್ಲ. ಆ ಬಾಗಿಲು ಅವಳ ಬೆನ್ನಿಗೇ ಇತ್ತು.

ಹರಿಹರದ ಹೊರಗಿನ ಆ ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಿದ್ದದ್ದು ಒಂದೇ ಕಂಪನಿಯ ಬಟ್ಟೆ, ಟಾರ್ವಿಕ್. ಓಟಗಾರರ ಜೆರ್ಸಿ, ಟ್ರ್ಯಾಕ್ ಪ್ಯಾಂಟು. ನಲವತ್ತು ದೇಶಗಳಲ್ಲಿ ಅಂಗಡಿಗಳಿದ್ದ ಕಂಪನಿ. ಬೆಂಗಳೂರಿನಲ್ಲಿ ಕೂಲಿ ದುಬಾರಿಯಾಯಿತೆಂದು ಐದು ವರ್ಷದ ಹಿಂದೆ ಅದು ತನ್ನ ಆರ್ಡರುಗಳನ್ನು ಇತ್ತ ತಿರುಗಿಸಿತ್ತು. ದಾವಣಗೆರೆ ಕಡೆಯ ಆನೆಕೊಂಡ, ಶಾಮನೂರಿನಿಂದ ಹೆಂಗಸರನ್ನು ತುಂಬಿಕೊಂಡು ಬಂದ ಮೊದಲ ಬಸ್ಸಿನಲ್ಲೇ ಆಶಾರಾಣಿಯೂ ಬಂದಿದ್ದಳು.

ಜೆರ್ಸಿಗಳು ಕಳುವಾಗುತ್ತವೆಂದು ಹಿಂದಿನ ಬಾಗಿಲಿಗೆ ಬೀಗ ಬಿತ್ತು. ಕಳೆದ ಬೇಸಿಗೆಯಲ್ಲಿ ವೈರು ಸುಟ್ಟು ಹೊಗೆ ತುಂಬಿದಾಗ ಮೆಷಿನ್ನುಗಳ ಮೂರನೇ ಲೈನಿನವರೆಲ್ಲ ಆ ಬಾಗಿಲಿಗೇ ನುಗ್ಗಿದ್ದರು. ಬೀಗದ ಕೈ ಬರುವುದಕ್ಕೆ ಹನ್ನೊಂದು ನಿಮಿಷ. ಅಷ್ಟರಲ್ಲಿ ಎಲ್ಲರಿಗಿಂತ ಮುಂದಿದ್ದ, ಆಶಾರಾಣಿಯ ಪಕ್ಕದ ಮೆಷಿನ್ನಿನ ಸಿದ್ದೀಕಾಳ ಮಣಿಕಟ್ಟು ಜನಕ್ಕೂ ಕಬ್ಬಿಣಕ್ಕೂ ನಡುವೆ ಸಿಕ್ಕಿ ಮುರಿಯಿತು. ಬಚ್ಚಲಲ್ಲಿ ಜಾರಿಬಿದ್ದಳೆಂದು ಆಫೀಸಿನವರು ಅವಳಿಂದಲೇ ಬರೆಸಿಕೊಂಡರು. ಅಂದಿನಿಂದ ಆಶಾರಾಣಿಗೆ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ನಿನ ಮುಂದೆ ಕೂತರೆ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು.

ಈಗ ಕಂಪನಿಯಿಂದ ಆಡಿಟ್, ಕೆಲಸದ ಜಾಗದ ತಪಾಸಣೆ. ಅದು ಮುಗಿಯುವ ತನಕ ಬೀಗ ಮಾಯವಾಗಿತ್ತು.

ಗಿರೀಶ ಅವಳನ್ನು ಪಕ್ಕಕ್ಕೆ ಕರೆದ. “ನೀನು ಪಿಯುಸಿ ಓದಿದಾಕಿ. ಮೇಡಂ ನಿನ್ನೇ ಕರೀಬಹುದು. ಒಂದು ಮಾತು ಹೆಚ್ಚುಕಮ್ಮಿ ಆದ್ರೆ ಎಲ್ಲರ ಅನ್ನಕ್ಕೂ ಮಣ್ಣು ಬೀಳ್ತೈತೆ, ನೋಡು.” ಅವನ ಕಣ್ಣಿನಲ್ಲಿ ಗದರಿಕೆಗಿಂತ ಭಯವೇ ಹೆಚ್ಚಿತ್ತು.

“ಬ್ಯಾಡ ಆಶಾ,” ಸಿದ್ದೀಕಾಳೂ ಅಂದಳು. “ನನ್ನ ಕೈ ಹೆಂಗೂ ಕೂಡಿಕೊಂಡೈತೆ. ಮೊದಲೇ ಎರಡು ತಿಂಗಳಿಂದ ಕಂಪನಿಯಿಂದ ಬಟ್ಟೆ ರೋಲು ಸರಿಯಾಗಿ ಬರ್ತಿಲ್ಲ. ಮಧ್ಯಾಹ್ನಕ್ಕೇ ಟೇಬಲ್ ಖಾಲಿ.”

“ಮುಂದಿನ ಸಲ ಹೊಗೆ ಬಂದ್ರೆ, ಆಪಾ?”

ಸಿದ್ದೀಕಾ ಮೆಷಿನ್ನಿನ ಸೂಜಿಗೆ ದಾರ ಪೋಣಿಸತೊಡಗಿದಳು.

ಆಡಿಟ್ ಮೇಡಂ ಬಂದರು. ಲೈನುಗಳ ಕಡೆ ಕಾಲಿಡಲಿಲ್ಲ, ಬಾಗಿಲನ್ನು ನೋಡಲಿಲ್ಲ. ನೇರವಾಗಿ ಆಫೀಸಿನ ತಂಪು ಕೋಣೆಯಲ್ಲಿ ಕೂತು ಒಬ್ಬೊಬ್ಬರನ್ನೇ ಕರೆಸಿದರು. ಹದಿನಾಲ್ಕು ಹೆಂಗಸರು ಹೋಗಿ “ಎಲ್ಲ ಚೆನ್ನಾಗೈತೆ” ಎಂದು ಬಂದರು. ಹದಿನೈದನೆಯವಳು ಆಶಾರಾಣಿ.

“ಹೆದರಬೇಡಿ. ನಿಮ್ಮ ಹೆಸರು ಹೊರಗೆ ಹೋಗೋದಿಲ್ಲ,” ಮೇಡಂ ಮೃದುವಾಗಿ ಅಂದರು.

ಆಶಾರಾಣಿ ಹೇಳಿಬಿಟ್ಟಳು. ಬೀಗ, ಹೊಗೆ, ಹನ್ನೊಂದು ನಿಮಿಷ, ಸಿದ್ದೀಕಾಳ ಕೈ. ಹೇಳುತ್ತ ಹೇಳುತ್ತ ಅತ್ತಳು. ಮೇಡಂ ಪೆನ್ನಿನ ಮುಚ್ಚಳವನ್ನೂ ತೆಗೆಯದೆ ಕೇಳಿಸಿಕೊಂಡರು. ಕೊನೆಗೆ ಒಂದು ಹಾಳೆ ಮುಂದೆ ತಳ್ಳಿ ಸಹಿ ಮಾಡಿಸಿಕೊಂಡರು.

“ಬೀಗ ಕಾಯಂ ತೆಗಿಸ್ತೀರಲ್ಲ ಮೇಡಂ? ನಮಗೆ ಅಷ್ಟೇ ಬೇಕಾಗಿರೋದು.”

“ನಿಮ್ಮಂಥವರು ಒಬ್ಬರು ಸಿಕ್ಕಿದ್ರೆ ಸಾಕಿತ್ತು,” ಮೇಡಂ ಗಡಿಯಾರ ನೋಡಿಕೊಂಡು ನಕ್ಕರು. ಉಳಿದವರನ್ನು ಕರೆಸಲೇ ಇಲ್ಲ. ಮಧ್ಯಾಹ್ನದೊಳಗೆ ಕಾರು ಹೊರಟುಹೋಯಿತು.

ಎಂಟನೇ ದಿನ ಬೆಳಿಗ್ಗೆ ಬಸ್ಸು ಗೇಟಿನ ಹೊರಗೇ ನಿಂತಿತು. ಗೇಟಿಗೆ ಬೀಗ. ಗಿರೀಶ ಕೈಯಲ್ಲೊಂದು ಕಾಗದ ಹಿಡಿದು ನಿಂತಿದ್ದ.

“ನಮ್ಮಲ್ಲೇ ಒಬ್ಬರು ಕೊಟ್ಟ ಹೇಳಿಕೆ ಮ್ಯಾಲೆ ಟಾರ್ವಿಕ್‌ನೋರು ಒಪ್ಪಂದ ಮುರಿದಾರೆ. ಬ್ಯಾರೆ ಆರ್ಡರ್ ಇಲ್ಲ. ಕಾರ್ಖಾನೆ ಇವತ್ತಿಂದ ಬಂದ್.”

ಅವನು ಹೆಸರು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಆಡಿಟ್ ದಿನ ಅಳುತ್ತ ಹೊರಬಂದವಳು ಆಶಾರಾಣಿ ಒಬ್ಬಳೇ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ ಉಳಿಯಿತು. ಸಿದ್ದೀಕಾ ಸಹ ಕಂಬಿ ಹಿಡಿದು ನಿಂತೇ ಬಂದಳು. ಆನೆಕೊಂಡದ ನಲ್ಲಿಯ ಬಳಿ ಆಶಾರಾಣಿ ಕೊಡ ಇಟ್ಟರೆ ಉಳಿದ ಕೊಡಗಳು ಸರಿಯುತ್ತಿದ್ದವು. “ಮುನ್ನೂರು ಮನಿ ಒಲೆ ಆರಿಸಿದಾಕಿ” ಎಂದು ಯಾರೋ ಕೇಳುವಂತೆಯೇ ಅಂದರು. ಅವಳು ಹಗಲಿಡೀ ಕದ ಹಾಕಿಕೊಂಡು ಕೂರತೊಡಗಿದಳು. ಹೊಗೆಯಿಲ್ಲದಿದ್ದರೂ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು ಎಂದು ದಿನಕ್ಕೆ ನೂರು ಸಲ ಅಂದುಕೊಂಡಳು.

ಹತ್ತು ದಿನ ಕಳೆದ ಮೇಲೆ ಅವಳೇ ಸಿದ್ದೀಕಾಳ ಮನೆಗೆ ಹೋದಳು. “ನಾನು ಬೀಗ ತೆಗೀರಿ ಅಂದೆ ಆಪಾ, ಕಾರ್ಖಾನೆ ಮುಚ್ರಿ ಅನ್ಲಿಲ್ಲ. ಕಾರ್ಮಿಕ ಇಲಾಖೆಗೆ ಹೋಗಿ ಹಂಗಂತ ಬರೆದುಕೊಡ್ತೀನಿ. ಜೊತೆಗೆ ಬರ್ತೀರಾ?”

ಸಿದ್ದೀಕಾ ಬುರ್ಖಾ ಹಾಕಿಕೊಂಡು ಹೊರಟಳು.

ದಾವಣಗೆರೆಯ ಕಚೇರಿಯಲ್ಲಿ ಗುಮಾಸ್ತರು ಕಾರ್ಖಾನೆ ಮುಚ್ಚಿದ ಕಡತ ತಿರುವಿ, ಒಪ್ಪಂದ ಮುರಿದು ಕಂಪನಿ ಕಾರ್ಖಾನೆಗೆ ಬರೆದಿದ್ದ ಪತ್ರದ ನಕಲನ್ನು ಕೊಟ್ಟರು. “ಮೊದಲು ಇದನ್ನ ಓದ್ಕೊಳ್ರಿ. ಆಮೇಲೆ ನಿಮ್ಮ ಅರ್ಜಿ ಬರೀರಿ.”

ಇಬ್ಬರೂ ಬೆಂಚಿನ ಮೇಲೆ ಕೂತರು. ಆಶಾರಾಣಿ ಬೆರಳಿಟ್ಟುಕೊಂಡು ಇಂಗ್ಲಿಷನ್ನು ಒಂದೊಂದೇ ಪದವಾಗಿ ಓದಿದಳು.

“ನನ್ನ ಕೈ ವಿಷಯ ಬರೆದಾರೇನು?” ಸಿದ್ದೀಕಾ ಕೇಳಿದಳು.

“ಇಲ್ಲ ಆಪಾ. ಹೊಗೆ ಇಲ್ಲ, ಬಾಗಿಲೂ ಇಲ್ಲ. ತಪಾಸಣೆಯಲ್ಲಿ ಕಾರ್ಮಿಕರೊಬ್ಬರು ಕೊಟ್ಟ ಹೇಳಿಕೆ ಪ್ರಕಾರ ಅಂತಷ್ಟೇ ಐತೆ.”

“ಅಷ್ಟು ಅತ್ತು ಹೇಳಿದ್ಯಲ್ಲ. ಒಂದೂ ಯಾಕ ಬರೀಲಿಲ್ಲ?”

ಆಶಾರಾಣಿಯ ಬೆರಳು ಹಾಳೆಯ ಮೇಲಿನ ತುದಿಗೆ ಸರಿದು ನಿಂತಿತು. ತಪ್ಪು ಓದಿದೆನೇನೋ ಎಂದು ಮತ್ತೆ ಓದಿದಳು. ಗೋಡೆಯ ಕ್ಯಾಲೆಂಡರು ನೋಡಿ ಬೆರಳು ಮಡಿಸಿದಳು.

ಪತ್ರದ ತಾರೀಖು, ಆಡಿಟ್ ಮೇಡಂ ಹರಿಹರಕ್ಕೆ ಬರುವುದಕ್ಕೂ ಹತ್ತೊಂಬತ್ತು ದಿನ ಮುಂಚಿನದು.